ಅಣ್ಣನ ಮದುವೆಯ ಕ್ಯಾಸೆಟ್ಟು

ರಾಯಚೂರಿನ ನಮ್ಮ ಮನೆಗೆ ಮಾವ ದುಬೈಯಿಂದ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದ. ದೇವದುರ್ಗದ ಕಡೆಯ ಕುರಿಗಾರ ಹೆಂಗಸರ ಮಾತುಗಳನ್ನು ಎರಡು ವರ್ಷ ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದ್ದೆ. ನನ್ನ ಪಿಎಚ್‌ಡಿಗೆ ಇದ್ದದ್ದು ಅದೊಂದೇ. ಕರೆಂಟು ಹೋದರೆ ಎಲ್ಲ ಅಳಿಯುತ್ತಿತ್ತು. ಹಾಗಾಗಿ, ಆಗಿನ ಕಂಪ್ಯೂಟರುಗಳ ರೀತಿಯಂತೆ, ಟೇಪ್ ರೆಕಾರ್ಡರಿಗೆ ತಂತಿ ಜೋಡಿಸಿ ಹಾಡಿನ ಕ್ಯಾಸೆಟ್ಟುಗಳಿಗೇ ಇಳಿಸಿಡುತ್ತಿದ್ದೆ. ಧೂಳಿಗೂ ಇಲಿಗೂ ಹೆದರಿ ಎರಡು ಪ್ರತಿ ಮಾಡಿ ಟ್ರಂಕಿನಲ್ಲಿಟ್ಟೆ. ಅಣ್ಣನ ಕೈಗೆ ಹೆದರಿ ಮೂರನೆಯದನ್ನು ಮಾಡಿದೆ.

ಮಾನ್ವಿಯ ವರನನ್ನು ಒಲ್ಲೆ ಎಂದ ದಿನ ಅಣ್ಣ ಒನಕೆ ತಂದ. ಮೊದಲ ಏಟಿಗೇ ಕಂಪ್ಯೂಟರಿನ ಕೀಲಿಗಳು ಉದುರಿದವು. ಅಡ್ಡ ಹೋದ ನನ್ನ ಬಾಯಿಗೆ ಹೊಡೆದ, ತುಟಿ ಒಡೆಯಿತು. ಟ್ರಂಕಿನ ಎರಡೂ ಕ್ಯಾಸೆಟ್ಟುಗಳ ಟೇಪನ್ನು ಕರುಳು ಕೀಳುವಂತೆ ಕಿತ್ತು ಒಲೆಗೆ ತುರುಕಿದ.

"ಈಗ ಅದೇನ್ ಓದ್ತಿ ಓದು, ಪಂಡಿತಮ್ಮ!"

"ಬಿಡೋ ಲೇ, ಹುಡುಗಿ ಬಾಯಾಗ ರಗತ ಬರಾಕತ್ತದ" ಎಂದು ಅವ್ವ ಕೂಗಿದಳು.

"ಬರ್ಲಿ ಬಿಡು ಯವ್ವಾ, ಸೊಕ್ಕರ ಇಳೀತದ."

ಆಮೇಲೆ ಟೇಪ್ ರೆಕಾರ್ಡರಿನಲ್ಲಿ ತನ್ನ ಮದುವೆಯ ಸೋಬಾನೆ ಹಾಡು ಹಾಕಿಕೊಂಡು ಕುಳಿತ. ಮನೆಯಲ್ಲಿ ಅವನು ಎಂದೂ ಒಡೆಯದ ವಸ್ತು ಆ ಕ್ಯಾಸೆಟ್ಟೊಂದೇ. ಅದರ ಇನ್ನೊಂದು ಮಗ್ಗಲು ಖಾಲಿ ಎಂದೇ ಅವನ ನಂಬಿಕೆ. ಮೂರನೆಯ ಪ್ರತಿ ಅಲ್ಲಿತ್ತು.

ಮರುದಿನ ಅವನು ಗಂಜ್ ಮಾರುಕಟ್ಟೆಗೆ ಹೋದ ಮೇಲೆ ಅದನ್ನು ಚೀಲದಲ್ಲಿಟ್ಟುಕೊಂಡು, ಊದಿದ ತುಟಿಗೆ ಸೆರಗು ಹಿಡಿದು ಧಾರವಾಡದ ಬಸ್ಸು ಹತ್ತಿದೆ. ಅಲ್ಲಿ ಗೆಳತಿಯ ಮನೆಯಲ್ಲಿ ಅಂಥದೇ ಕಂಪ್ಯೂಟರ್ ಇತ್ತು. ಎರಡು ವರ್ಷದ ಮಾತುಗಳೆಲ್ಲ ಪರದೆಯ ಮೇಲೆ ಬಂದವು.

ಗೆಳತಿ ಹೊಸ ಕ್ಯಾಸೆಟ್ಟು ಕೊಡಲು ಬಂದಳು. ಬೇಡವೆಂದೆ. ನಾಲ್ಕನೆಯ ಪ್ರತಿಯನ್ನು ಸೋಬಾನೆ ಹಾಡಿನ ಮೇಲೆಯೇ ಇಳಿಸಿದೆ.