ಹಗೇವಿನ ಮೇಲಿನ ರಾಶಿ

ಬ್ಯಾಡಗಿಯ ಬಾಡಿಗೆ ಮನೆಗೆ ಕಾಲಿಟ್ಟ ದಿನ ನಡುಮನೆಯಲ್ಲಿ ನನ್ನ ಹೆಜ್ಜೆಗೆ ನೆಲ ಸದ್ದು ಮಾಡಿತು, ಖಾಲಿ ಕೊಡವನ್ನು ಬೆರಳಿನಿಂದ ತಟ್ಟಿದ ಹಾಗೆ. ಕುಮಟೆಯಲ್ಲಿ ಹುಟ್ಟಿದವಳು ನಾನು. ನಮ್ಮಲ್ಲಿ ಎರಡಾಳು ತೋಡಿದರೆ ನೀರು. ನೆಲಕ್ಕೆ ದನಿ ಎಲ್ಲಿಂದ ಬರಬೇಕು? ಹಳೆಯ ಮನೆ, ಇಲಿ ತೋಡಿರಬೇಕು ಎಂದುಕೊಂಡೆ. ಅದೇ ನೆಪ ಹಿಡಿದು ಬಾಡಿಗೆಯನ್ನೂ ಇಳಿಸಿದೆ.

ಊರು ಬಿಟ್ಟು ಬರುವವರಿಗೆ ಒಂದು ಮಾತು. ಒಡತಿ ಒಬ್ಬಳೇ ಇದ್ದು ಮನೆ ತುಂಬ ಹಳೆಯ ಸಾಮಾನಿದ್ದರೆ, ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಒಡತಿ ಶಾಂತವ್ವ ವಿಧವೆ, ಹಿಂದಿನ ಎರಡು ಕೋಣೆಯಲ್ಲಿರುತ್ತಿದ್ದರು. ನನ್ನ ಗಂಡ ಗಣಪತಿ ಮೋಟಾರು ರಿಪೇರಿಯವರು. ನಾನು ರಾಣೆಬೆನ್ನೂರಿನಿಂದ ಬಟ್ಟೆ ತಂದು ರವಿಕೆ ಹೊಲಿಯುವವಳು. ಎರಡು ಯಂತ್ರ ಇಡಲು ನಡುಮನೆ ಬೇಕಿತ್ತು. ಅಲ್ಲೋ, ಮುರಿದ ಕುಂಟೆ, ನೇಗಿಲು, ತೂತು ಬಿದ್ದ ಕೊಪ್ಪರಿಗೆ, ಎಣ್ಣೆ ಡಬ್ಬಿ, ಬಾಗಿಲ ಚೌಕಟ್ಟು ಎಲ್ಲ ಸೇರಿ ತೊಲೆಯ ತನಕ ರಾಶಿ. ನಮ್ಮ ಕಡೆ ಮಳೆಗಾಲವೇ ಮನೆ ಖಾಲಿ ಮಾಡಿಸುತ್ತದೆ. ನಾಲ್ಕು ತಿಂಗಳು ಬಿಟ್ಟರೆ ಮರಕ್ಕೆ ಗೆದ್ದಲು, ಕಬ್ಬಿಣಕ್ಕೆ ತುಕ್ಕು. ಇಲ್ಲಿಯ ಒಣಗಾಳಿಯಲ್ಲಿ ಏನೂ ಸಾಯುವುದಿಲ್ಲ, ಹಾಗೇ ಕೂತಿರುತ್ತದೆ.

ವರುಷವಿಡೀ ಕೈ ಮುಟ್ಟದ ವಸ್ತು ನಮ್ಮದಲ್ಲ, ಇವತ್ತಿಗೆ ಬದುಕಬೇಕು ಎಂಬುದು ನನ್ನ ಲೆಕ್ಕ. ಅದನ್ನೇ ಶಾಂತವ್ವನಿಗೆ ದಿನವೂ ಹೇಳಿದೆ. ಮೀನಿಲ್ಲದ ಊರಿನಲ್ಲಿ ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರೇ. ಹಿಟ್ಟು ನಾದುತ್ತಲೇ ಅಂದರು, “ನಿನ್ನ ಕೈಯಾಗ ಸಿಕ್ರ ನನ್ನೂ ಗುಜರಿಗೆ ಹಾಕ್ತಿ ಬಿಡು.”

“ನಿಮಗೆ ತೂಕ ಎಲ್ಲುಂಟು, ಅಕ್ಕಾರ?” ಅಂದೆ. ನಕ್ಕರು. ನಕ್ಕ ಮೇಲೆ ಜನ ಅರ್ಧ ಒಪ್ಪಿದಂತೆ.

ಎರಡು ವಾರ ಒಂದೊಂದೇ ಸಾಮಾನು ಹೊರಟಿತು. ಗುಜರಿಯ ಬಾಬುಸಾಬರು ಗಾಡಿ ತಂದು ಒಯ್ಯುತ್ತಿದ್ದರು. ರಾಶಿ ಮೊಳಕಾಲಿಗೆ ಇಳಿದಾಗ ಶಾಂತವ್ವ ಬಾಗಿಲಲ್ಲಿ ನಿಂತು, “ಹಗೇವ್ ತೆಗೀಬ್ಯಾಡ ತಂಗಿ,” ಎಂದರು, ಅಷ್ಟೇ.

ನನಗೆ ಕೇಳಿದ್ದು ಹಗೆ. ಅವರಿಗೆ ಮೈದುನನ ಜೊತೆ ಆಸ್ತಿಯ ಜಗಳವಿದೆ ಎಂದು ಓಣಿಯಲ್ಲಿ ಕೇಳಿದ್ದೆ. ಅದನ್ನು ಕೆದಕಬೇಡ ಎನ್ನುತ್ತಿದ್ದಾರೆ ಎಂದು ತಿಳಿದೆ. “ನಿಮ್ಮ ಹಗೆ ನಮಗ್ಯಾಕೆ, ನಾವು ತೆಗೆಯುವುದಿಲ್ಲ,” ಎಂದು ಮಾತು ಕೊಟ್ಟೆ. ಅವರು ಸಮಾಧಾನದಿಂದ ಕರ್ಜಗಿಯ ಮಗಳ ಮನೆಗೆ ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನ ಕೊನೆಯ ಚೌಕಟ್ಟು ಎತ್ತಿದಾಗ ನೆಲದಲ್ಲಿ ದುಂಡನೆಯ ಕಲ್ಲು ಕಂಡಿತು, ಅಂಚಿಗೆಲ್ಲ ಮಣ್ಣು ಮೆತ್ತಿದ್ದು. ಗಣಪತಿ ಹಾರೆ ಹಾಕಿ ಸರಿಸಿದರು. ಒಳಗಿಂದ ಬೆಚ್ಚನೆಯ, ಹುಳಿತ ಜೋಳದ ವಾಸನೆ ಬಂತು. ಕೆಳಗೆ ಹೂಜಿಯ ಹೊಟ್ಟೆಯ ಹಾಗೆ ಅಗಲವಾದ ಕತ್ತಲೆ. ಒಳ್ಳೆಯ ಉಗ್ರಾಣವಾಯಿತು, ನೋಡಿ ಬನ್ನಿ ಎಂದು ಹುರಿದುಂಬಿಸಿದವಳು ನಾನೇ. ತೊಲೆಗೆ ಹಗ್ಗ ಕಟ್ಟಿ ಅವರು ಇಳಿದರು. ಎದೆ ಮುಳುಗಿತು, ಭುಜ ಮುಳುಗಿತು.

“ತಲೆ ಯಾಕೋ ಹಗುರ ಆಗ್ತದೆ ಮಾರಾಯ್ತಿ,” ಎಂದರು. ದನಿ ನಿದ್ದೆಗಣ್ಣಿನವರದು.

ಚೌಕಟ್ಟು ಒಯ್ಯಲು ಬಂದ ಬಾಬುಸಾಬರು ಬಾಗಿಲಲ್ಲೇ ಚೀಲ ಬಿಟ್ಟರು. ಓಡಿ ಬಂದು ಬೋರಲು ಬಿದ್ದು ಗಣಪತಿಯ ರಟ್ಟೆ ಹಿಡಿದರು. “ನೀವು ಅಂಗಿ ಹಿಡೀರಿ. ಬಗ್ಗಬ್ಯಾಡ್ರಿ, ಉಸರು ಹಿಡ್ಕೊಂಡು ಜಗ್ರಿ.” ಇಬ್ಬರೂ ಎಳೆದೆವು. ಗಣಪತಿಯ ಬೆರಳು ಹಗ್ಗವನ್ನು ಆಗಲೇ ಬಿಟ್ಟಿದ್ದವು. ಪಡಸಾಲೆಯ ಗಾಳಿಗೆ ಮಲಗಿಸಿದ ಮೇಲೆ ಸುಮಾರು ಹೊತ್ತಿಗೆ ಕಣ್ಣು ಬಿಟ್ಟರು.

ಆಮೇಲೆ ಬಾಬುಸಾಬರು ಚಿಮಣಿ ಹಚ್ಚಿ ದಾರದಲ್ಲಿ ಇಳಿಬಿಟ್ಟರು. ಮೂರು ಮೊಳಕ್ಕೆ ದೀಪ ಆರಿತು. ಗಾಳಿಯಿಲ್ಲ, ಯಾರೋ ಬೆರಳಿನಿಂದ ಚಿವುಟಿದ ಹಾಗೆ. ಹಗೇವು ಎಂದರೆ ಕಾಳು ತುಂಬಿಡುವ ನೆಲಗುಂಡಿ ಎಂದು ನನಗೆ ತಿಳಿದದ್ದು ಆಗ. ಬಾಯಿ ತೆರೆದು ಒಂದು ದಿನ ಬಿಡಬೇಕು, ದೀಪ ಇಳಿಸಬೇಕು, ದೀಪ ಉಳಿದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ಇಲ್ಲಿಯ ಮಕ್ಕಳಿಗೂ ಗೊತ್ತು.

ಸಂಜೆ ಶಾಂತವ್ವ ಬಂದವರು ನನ್ನನ್ನು ಬೈಯಲಿಲ್ಲ. ಕಲ್ಲಿನ ಪಕ್ಕ ಕೂತರು.

“ಮನಿಗೆ ಬೀಗರು ಬಂದಿದ್ರು, ಜ್ವಾಳ ತೆಗೀಬೇಕಿತ್ತು. ದೀಪಾ ಬಿಟ್ಟು ನೋಡ್ರಿ ಅಂದೆ. ಇವತ್ತೊಂದಿನ ಬ್ಯಾಡ, ಲಗೂ ಬರ್ತೇನಿ ಅಂದ್ರು ನಮ್ಮ ಯಜಮಾನ್ರು.” ಕಲ್ಲಿನ ಅಂಚು ಸವರುತ್ತ ಅಂದರು, “ಯಾರೂ ತೆಗೀಬಾರ್ದು ಅಂತ ಎಲ್ಲಾ ತಂದು ಇದರ ಮ್ಯಾಲ ಒಟ್ಟಿದೆ.”

ನಾನು ಕಸವೆಂದು ಮಾರಿದ್ದು ಮುಚ್ಚಳವನ್ನು. ಈಗಲೂ ಹೇಳುತ್ತೇನೆ, ಮನೆ ಹಗುರ ಮಾಡಿ. ಆದರೆ ಎತ್ತುವ ಮೊದಲು ಕೆಳಗೇನಿದೆ ಎಂದು ಕೇಳಿ. ಕೇಳಿದ ಮಾತು ನಿಮ್ಮ ಊರಿನದಲ್ಲದಿದ್ದರೆ ಎರಡು ಸಲ ಕೇಳಿ.

ಮಣ್ಣು ತುಂಬಿಸಿಬಿಡೋಣ ಎಂದೆ. “ಅವರ ಕಡೀ ಉಸರು ಅದರಾಗ ಐತಿ. ಮಣ್ಣ ಹಾಕು ಅಂದ್ರ ಹೆಂಗ?” ಎಂದರು.

ಕಲ್ಲು ಕೂರಿಸಿ ಮಣ್ಣು ಮೆತ್ತಿದೆವು. ಮೇಲಿಡಲು ಭಾರದ ವಸ್ತು ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಕುಮಟೆಗೆ ಫೋನು ಮಾಡಿ ಅಜ್ಜಿಯ ಒರಳುಕಲ್ಲನ್ನು ಲಾರಿಯಲ್ಲಿ ತರಿಸಿದೆ. ನಾಲ್ಕು ಜನ ಹೊತ್ತು ತಂದು ಅದರ ಮೇಲಿಟ್ಟರು. ಒಂದು ಹಿಡಿ ಕಾಯಿಯನ್ನೂ ಅದರಲ್ಲಿ ರುಬ್ಬಿಲ್ಲ.

ಈ ಬೇಸಿಗೆಗೆ ಕುಮಟೆಯಲ್ಲಿ ನಮ್ಮ ಸ್ವಂತ ಮನೆ ಕಟ್ಟಿ ಮುಗಿಯುತ್ತದೆ. ಒರಳು ಯಾವಾಗ ತರುತ್ತೀ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ತರುತ್ತೇನೆ ಎನ್ನುತ್ತೇನೆ. ಶಾಂತವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ.