ಮಾರಕ್ಕನ ಹೊಲಕ್ಕೆ ಕತ್ತಲೆ ಬಂದದ್ದು

ದಾಬಸ್‌ಪೇಟೆ ಸುತ್ತಮುತ್ತ ಸೇವಂತಿಗೆ ಬೆಳೆಯುವವರನ್ನು ಮಾತಿಗೆಳೆದರೆ ಮಾರಕ್ಕನ ಹೆಸರು ಬಂದೇ ಬರುತ್ತದೆ. ಅವಳು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಬೆಳೆಯುತ್ತಿದ್ದುದು ರಾಗಿ, ಅವರೆ. ಹೂವಿನ ಮಾತೆತ್ತಿದಾಗ ಮಾವ, "ಹೂವ ಮುದ್ದೆ ಜೊತೆ ಉಣ್ಣಕ್ಕಾಯ್ತದಾ?" ಎಂದು ಗೊಣಗಿದ್ದ. ಮಾರಕ್ಕ ವಾದ ಮಾಡಲಿಲ್ಲ, ಹಿತ್ತಲಿನಲ್ಲಿ ನಾಲ್ಕು ಸಾಲು ನೆಟ್ಟು ತೋರಿಸಿದಳು. ಮರುವರ್ಷ ಹೊಲ ಉತ್ತು ಕೊಟ್ಟವನು ಆ ಮಾವನೇ.

ಅಂಥವಳ ಹೊಲ ಒಂದು ವರ್ಷ ದಸರಾ ಬಂದರೂ ಹಸಿರಾಗಿಯೇ ನಿಂತುಬಿಟ್ಟಿತು. ಗಿಡ ಸೊಂಟದೆತ್ತರ ಬೆಳೆದಿದ್ದವು, ಎಲೆ ಮಿರಿಮಿರಿ ಮಿಂಚುತ್ತಿತ್ತು, ಮೊಗ್ಗಿನ ಸುಳಿವೇ ಇಲ್ಲ. ಆಚೆ ಊರಿನ ಹೊಲಗಳೆಲ್ಲ ಹಳದಿ ಹೊದ್ದಿದ್ದವು.

ಗಂಡ ಜವರಪ್ಪ ಚಪ್ಪಲಿ ಮೆಟ್ಟಿದ. "ಸಸಿ ಕೊಟ್ಟೋನು ಮೋಸ ಮಾಡವ್ನೆ. ಇವತ್ತು ಬಿಡಾಕಿಲ್ಲ ಅವನ್ನ."

"ವಸಿ ತಡ್ಕೋ," ಎಂದಳು ಮಾರಕ್ಕ. "ಯಾರನ್ನೋ ಬಯ್ಯೋಕೆ ಮುಂಚೆ ಹೊಲನೆಲ್ಲ ಒಂದ್ಸಲ ಸುತ್ತಿ ಬತ್ತೀನಿ."

ಸುತ್ತುತ್ತಾ ಪಂಪ್‌ಹೌಸಿನ ಹಿಂದಕ್ಕೆ ಬಂದವಳು ಹಾಗೇ ನಿಂತಳು. ಅಲ್ಲೊಂದು ಪಟ್ಟೆಯಲ್ಲಿ ಮಾತ್ರ ಹೂವು ಕಿಕ್ಕಿರಿದು ಅರಳಿತ್ತು. ಅದೇ ಸಸಿ, ಅದೇ ನೀರು, ಅದೇ ಗೊಬ್ಬರ. ಬೇರೆಯಾಗಿದ್ದುದು ಏನು? ಬದುವಿನ ಮೇಲೆ ಕೂತು ಯೋಚಿಸುತ್ತಿದ್ದಂತೆ ಹೊತ್ತು ಮುಳುಗಿತು. ಬೇಲಿಯಾಚೆ ಶ್ರಾವಣದಲ್ಲಿ ಶುರುವಾಗಿದ್ದ ಗೋಡೌನಿನ ಎತ್ತರದ ಕಂಬಗಳಲ್ಲಿ ಲೈಟುಗಳು ಹತ್ತಿಕೊಂಡವು. ಹೊಲದ ತುಂಬ ಹಾಲು ಚೆಲ್ಲಿದಂಥ ಬೆಳಕು. ಪಂಪ್‌ಹೌಸಿನ ನೆರಳು ಬಿದ್ದದ್ದು ಮಾತ್ರ ಆ ಹೂವಿನ ಪಟ್ಟೆಯ ಮೇಲೆ.

"ಅಯ್ಯೋ, ನನ್ ಗಿಡಗಳಿಗೆ ರಾತ್ರಿನೇ ಆಗ್ತಿಲ್ವಲ್ಲ!" ಎಂದು ಅವಳ ಬಾಯಿಂದ ಉದ್ಗಾರ ಹೊರಟಿತು.

ಬೆಳಿಗ್ಗೆ ಎದ್ದವಳೇ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವೇಣುಗೋಪಾಲರ ಮನೆಗೆ ಹೋದಳು. ಕೇಳುತ್ತಾ ಕೇಳುತ್ತಾ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು.

"ನೀವು ಅಂದ್ಕೊಂಡಿದ್ದು ಸರಿ ಇದೆಯಮ್ಮ. ಭೂಮಿ ನೆಟ್ಟಗೆ ನಿಂತು ಸೂರ್ಯನ್ನ ಸುತ್ತಲ್ಲ, ಒಂದು ಕಡೆಗೆ ವಾಲ್ಕೊಂಡೇ ಸುತ್ತುತ್ತೆ. ಮುಂಗಾರಿನಲ್ಲಿ ನಾವಿರೋ ಭಾಗ ಸೂರ್ಯನ ಕಡೆ ಬಾಗಿರುತ್ತೆ, ಅದಕ್ಕೇ ಹಗಲು ಉದ್ದ. ಆಷಾಢ ಕಳೆದ ಮೇಲೆ ರಾತ್ರಿ ಬೆಳೀತಾ ಹೋಗುತ್ತೆ. ಸೇವಂತಿಗೆ ಮೊಗ್ಗು ಕಟ್ಟೋಕೆ ಆ ಉದ್ದದ ಕತ್ತಲೆ ಬೇಕು. ನಿಮ್ಮ ಹೊಲದಲ್ಲಿ ಇನ್ನೂ ಆಷಾಢವೇ ಮುಗಿದಿಲ್ಲ!"

"ಹಂಗಾದ್ರೆ ಬೆಳಕಿಗೆ ಮರೆ ಮಾಡಿದ್ರೆ ಈಗ್ಲೂ ಹೂ ಬಿಡ್ತವಾ, ಸಾ?"

"ಬಿಡಬೇಕು. ಆದ್ರೆ ಹೆಚ್ಚುಕಮ್ಮಿ ಎರಡು ತಿಂಗಳು ಕಾಯಬೇಕಾಗುತ್ತೆ."

ಬೇರೆಯವರಾಗಿದ್ದರೆ ಗೋಡೌನಿನ ಗೇಟಿನ ಮುಂದೆ ಕೂಗಾಡುತ್ತಿದ್ದರೇನೋ. ಮಾರಕ್ಕ ಪಟ್ಟೆಯಲ್ಲಿ ಅರಳಿದ್ದ ಹೂವನ್ನು ಬುಟ್ಟಿಗೆ ತುಂಬಿಕೊಂಡು ಹೋಗಿ ಸೂಪರ್‌ವೈಸರ್ ಕೆಂಪರಾಜನ ಮುಂದಿಟ್ಟಳು. "ಸಂಜೆ ಒಂದ್ಗಳಿಗೆ ನನ್ ಹೊಲದಲ್ಲಿ ನಿಂತ್ಕೊಂಡು ನೋಡಣ್ಣ, ಸಾಕು."

ಅವನು ಬಂದ, ನೋಡಿದ, ತಲೆ ಕೆರೆದುಕೊಂಡ. "ದೇವ್ರಾಣೆ ಗೊತ್ತಿರ್ಲಿಲ್ಲ ಕಣಕ್ಕ. ಲಾರಿ ನಿಲ್ಲೋ ಕಡೆ ಬೆಳಕು ಬಿದ್ರೆ ಆಯ್ತು ನಮಗೆ." ಅದೇ ವಾರ ಲೈಟುಗಳನ್ನು ಅಂಗಳದ ಕಡೆ ತಿರುಗಿಸಿ, ಹೊಲದ ಕಡೆಗೆ ತಗಡಿನ ಮರೆ ಕಟ್ಟಿಸಿದ. ಅಂದು ಹೊಲಕ್ಕೆ ಕತ್ತಲೆ ಇಳಿಯುವುದನ್ನು ಮಾರಕ್ಕ ಬದುವಿನ ಮೇಲೆ ನಿಂತು ನೋಡಿದಳು. ಮಳೆ ಬಂದಷ್ಟೇ ಸಂತೋಷವಾಯಿತು ಅವಳಿಗೆ.

ದೀಪಾವಳಿ ಹೂವಿಲ್ಲದೆ ಕಳೆಯಿತು. ಉತ್ತು ಹುರುಳಿ ಚೆಲ್ಲೋಣ ಎಂದು ಜವರಪ್ಪ ದಿನವೂ ವರಾತ ತೆಗೆಯುತ್ತಿದ್ದ. ಅವಳು ಜಗ್ಗಲಿಲ್ಲ, ಕಳೆ ಕೀಳುತ್ತಾ ನೀರು ಹಾಯಿಸುತ್ತಾ ಇದ್ದಳು. ಕಾರ್ತಿಕ ಮುಗಿಯುವ ಹೊತ್ತಿಗೆ ಹೊಲವೆಲ್ಲ ಒಟ್ಟಿಗೇ ಅರಳಿತು. ಉಳಿದವರ ಗಿಡಗಳು ಅಷ್ಟರಲ್ಲಿ ಒಣಗಿದ್ದವು. ಮದುವೆ ಮನೆಗೆ ಹಾರ ಕಟ್ಟುವವರು ಶಿವಗಂಗೆ ಕಡೆಯಿಂದೆಲ್ಲ ಹುಡುಕಿಕೊಂಡು ಬಂದರು.

ಮರುವರ್ಷ ಮಾರಕ್ಕ ಕೆಂಪರಾಜನ ಬಳಿ ಮತ್ತೆ ಹೋದಳು. "ಒಂದ್ ಲೈಟ್ ಮಾತ್ರ ನನ್ ಹೊಲದ ಕಡೆ ತಿರುಗ್ಸಿ, ಅದರ ಮರೆ ತೆಗ್ಸಣ್ಣ. ನಾನು ಹೇಳ್ದಾಗ ಮತ್ತೆ ಕಟ್ಸು." ಕತ್ತಲೆಯಲ್ಲಿದ್ದ ಅರ್ಧ ಹೊಲ ದಸರಾಕ್ಕೆ ಅರಳಿತು, ಬೆಳಕು ಬಿದ್ದ ಉಳಿದರ್ಧ ಮದುವೆಗಳ ಕಾಲಕ್ಕೆ. ಈ ಉಪಾಯವನ್ನು ಅವಳು ಗುಟ್ಟು ಮಾಡಲಿಲ್ಲ. ಕೇಳಿ ಬಂದವರಿಗೆಲ್ಲ ಹೊಲದಲ್ಲೇ ನಿಲ್ಲಿಸಿ ತೋರಿಸಿಕೊಟ್ಟಳು.

ಈಗ ವೇಣುಗೋಪಾಲ ಮೇಷ್ಟ್ರು ಭೂಮಿಯ ಚಲನೆಯ ಪಾಠಕ್ಕೆ ಮಕ್ಕಳನ್ನು ಅಲ್ಲಿಗೇ ಕರೆತರುತ್ತಾರೆ. ಹೋದ ಸಲ ಕೀರ್ತನ ಎಂಬ ಹುಡುಗಿ, "ರಾತ್ರಿ ಉದ್ದ ಆಯ್ತು ಅಂತ ಗಿಡಕ್ಕೆ ಹೆಂಗಜ್ಜಿ ಗೊತ್ತಾಗುತ್ತೆ?" ಎಂದು ಕೇಳಿದಳು.

"ನಂಗೂ ತಿಳೀದು ಕಣವ್ವ," ಎಂದು ಮಾರಕ್ಕ ನಕ್ಕಳು. "ನೀನು ಓದಿ ತಿಳ್ಕೊಂಡು ಬಂದು ನಂಗೆ ಹೇಳು."