ಗಂಡನ ಬದಲು ಮಲಗಿದವಳು

ಶಿಕಾರಿಪುರದ ನೀಲಾಂಬಿಕಳಿಗೆ ಸದ್ದೆಂದರೆ ಭಯವಿಲ್ಲ. ಹಿಟ್ಟಿನ ಗಿರಣಿ ನಡೆಸುವವಳಿಗೆ ಇದ್ದೀತಾದರೂ ಹೇಗೆ? ಹಗಲೆಲ್ಲ ಕಿವಿಯ ಪಕ್ಕದಲ್ಲಿ ಕಲ್ಲು ತಿರುಗುತ್ತಿದ್ದರೂ, ಡಬ್ಬಿ ಹಿಡಿದು ಬಂದವರ ಜೊತೆ ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುವ ಹೆಂಗಸು ಅವಳು. ಅವಳನ್ನು ಹೆದರಿಸುತ್ತಿದ್ದುದು ಸದ್ದು ನಿಲ್ಲುವುದು.

ಗಂಡ ಗಂಗಾಧರಪ್ಪನ ಗೊರಕೆ ಓಣಿಗೆಲ್ಲ ಗೊತ್ತಿತ್ತು. "ನಿಮ್ಮ ಗಿರಣಿ ರಾತ್ರಿ ಪಾಳಿನೂ ಶುರುವಾತೇನ್ರಿ?" ಎಂದು ಎದುರುಮನೆಯವರು ಕೇಳಿದರೆ ಅವಳೂ ನಗುತ್ತಿದ್ದಳು. ಆದರೆ ಆ ಗೊರಕೆ ನಡುವೆ ಒಮ್ಮೆಗೇ ನಿಂತುಬಿಡುತ್ತಿತ್ತು. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಅವಳು ಭುಜ ಹಿಡಿದು ಅಲ್ಲಾಡಿಸುವಷ್ಟರಲ್ಲಿ, ಕೆರೆಯಲ್ಲಿ ಮುಳುಗಿ ಎದ್ದವನ ಹಾಗೆ ಒಂದು ದೊಡ್ಡ ಉಸಿರೆಳೆದು ಮತ್ತೆ ಗೊರಕೆ ಶುರು ಮಾಡುತ್ತಿದ್ದ. ಬೆಳಿಗ್ಗೆ ಕೇಳಿದರೆ ಅವನಿಗೆ ಏನೂ ನೆನಪಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಅವನ ಪಾಲಿನ ಚಿಂತೆಯನ್ನೂ ಇವಳೇ ಹೊತ್ತುಕೊಂಡು ಎಚ್ಚರವಾಗಿರುತ್ತಿದ್ದಳು.

ಅವನು ಖಾಸಗಿ ಬಸ್ಸಿನ ಡ್ರೈವರ್. ಶಿಕಾರಿಪುರದಿಂದ ಸೊರಬ, ಕುಪ್ಪಗಡ್ಡೆ ಮೇಲೆ ಜಡೆಗೆ ಹೋಗುವ ಸಂಜೆಯ ಕೊನೇ ಬಸ್ಸು ಅವನದು. ಒಂದು ದಿನ ಬಿಟ್ಟು ಒಂದು ದಿನ ಡ್ಯೂಟಿ. ಹೋದ ಬಸ್ಸು ರಾತ್ರಿ ಜಡೆಯಲ್ಲೇ ನಿಲ್ಲುತ್ತದೆ. ಡ್ರೈವರ್ ಕಂಡಕ್ಟರ್ ಇಬ್ಬರೂ ಸೀಟಿನ ಮೇಲೆ ಚಾದರ ಹಾಸಿ ಮಲಗಿ, ಬೆಳಿಗ್ಗೆ ಅದನ್ನೇ ಮೊದಲ ಬಸ್ಸು ಮಾಡಿಕೊಂಡು ಹೊರಡುತ್ತಾರೆ. ನೈಟ್‌ಹಾಲ್ಟ್ ಎಂದು ಅದಕ್ಕೆ ಹೆಸರು. ಆ ರಾತ್ರಿಗಳಲ್ಲಿ ನೀಲಾಂಬಿಕ ಹಾಸಿಗೆಯಲ್ಲಿ ಒಬ್ಬಳೇ ಕೂತು, ಅಲ್ಲಿ ಅವನ ಭುಜ ಅಲ್ಲಾಡಿಸುವವರು ಯಾರು ಎಂದು ಯೋಚಿಸುತ್ತಿದ್ದಳು.

ಅದಕ್ಕಿಂತ ದೊಡ್ಡ ಭಯ ಹಗಲಿನದು. ಹಿಂದಿನ ಬೇಸಿಗೆಯಲ್ಲಿ ಬದಲಿ ಡ್ಯೂಟಿ ಎಂದು ಈಸೂರಿನ ಕಡೆ ಬಸ್ಸು ಓಡಿಸುವಾಗ ಅವನ ಕಣ್ಣು ಮುಚ್ಚಿಹೋಗಿತ್ತು. ಬಸ್ಸಿನ ಎಡಗಾಲಿ ರಸ್ತೆ ಬಿಟ್ಟು ಮಣ್ಣಿಗಿಳಿದಾಗ ಕಂಡಕ್ಟರ್ ತೀರ್ಥೇಶ್ ಕೂಗಿ ಎಬ್ಬಿಸಿದ. ಮುಂದೆ ಎಮ್ಮೆ ಬಂತು, ತಪ್ಪಿಸಿದೆ ಎಂದು ಪ್ಯಾಸೆಂಜರುಗಳಿಗೆ ಗಂಗಾಧರಪ್ಪ ಹೇಳಿದ. ಎಮ್ಮೆ ಇರಲಿಲ್ಲವೆಂದು ತೀರ್ಥೇಶ್ ಮನೆಗೆ ಬಂದು ನೀಲಾಂಬಿಕಳ ಕಿವಿಗೆ ಹಾಕಿದ. ಮರುದಿನವೇ ಅವಳು ಗಂಡನನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಅವನ ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ನೋಡಿದ ಡಾಕ್ಟರು, ಇದು ಸ್ಲೀಪ್ ಅಪ್ನಿಯಾ ಎಂದರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುತ್ತದೆ, ಅದಕ್ಕೇ ಹಗಲು ತೂಕಡಿಕೆ. ಮೂಗಿಗೆ ಮಾಸ್ಕ್ ಹಾಕಿ ಉದ್ದನೆಯ ಕೊಳವೆಯಲ್ಲಿ ಗಾಳಿ ಊದುವ ಒಂದು ಮಿಷನ್ ಇದೆ. ಅದನ್ನು ದಿನಾ ರಾತ್ರಿ ಹಾಕಿಕೊಂಡರೆ ಬಸ್ಸು ಓಡಿಸಬಹುದು, ಹಾಕಿಕೊಳ್ಳದೆ ಓಡಿಸಿದರೆ ಜನರ ಜೀವದ ಜೊತೆ ಆಟ ಎಂದು ಖಡಾಖಂಡಿತವಾಗಿ ಹೇಳಿದರು. ಗಂಗಾಧರಪ್ಪ ತಲೆಯಾಡಿಸಿದ. ಡಾಕ್ಟರ ಮುಂದೆ ಗಂಡಸರೆಲ್ಲ ಹಾಗೆಯೇ ತಲೆಯಾಡಿಸುವುದು.

ಮಿಷನ್ನಿನ ಬೆಲೆ ಗಿರಣಿಯ ದುಡಿಮೆಗೆ ಎಟುಕುವಂತಿರಲಿಲ್ಲ. ಸರ್ಕಾರದ ಆರೋಗ್ಯ ಕಾರ್ಡು ಇತ್ತಲ್ಲ, ಅದನ್ನು ಹಿಡಿದು ಆಸ್ಪತ್ರೆಯ ಕೌಂಟರಿಗೆ ಹೋದಳು. ಅಲ್ಲಿನವನು ಒಳ್ಳೆಯವನೇ, ತಾಳ್ಮೆಯಿಂದ ನೋಡಿದ. "ಅಡ್ಮಿಟ್ ಆಗಿ ಆಪರೇಷನ್ ಮಾಡ್ಸೋದಾದ್ರೆ ಬರೀತಿದ್ದೆ ಕಣಮ್ಮ. ಮನೆಗೆ ತಗೊಂಡು ಹೋಗೋ ಮಿಷನ್ ಇದ್ರಾಗೆ ಬರಲ್ಲ," ಎಂದ. ಉಸಿರು ನಿಲ್ಲುವುದು ಮನೆಯಲ್ಲಿ, ದುಡ್ಡು ಸಿಗುವುದು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ಇದು ಯಾವ ನ್ಯಾಯವೋ ಅವಳಿಗೆ ಅರ್ಥವಾಗಲಿಲ್ಲ.

ಉಳಿದದ್ದು ಖಾಸಗಿ ಪಾಲಿಸಿ. ಅವಳ ತಮ್ಮ ಮಲ್ಲಿಕಾರ್ಜುನ್ ಇನ್ಶೂರೆನ್ಸ್ ಏಜೆಂಟ. ಗಂಡ, ಹೆಂಡತಿ, ದಾವಣಗೆರೆಯಲ್ಲಿ ಓದುವ ಮಗಳು ನಯನ, ಎಲ್ಲರಿಗೂ ಸೇರಿ ಒಂದೇ ಪಾಲಿಸಿಯನ್ನು ಕಾಡಿ ಬೇಡಿ ಮಾಡಿಸಿದ್ದ. ಕಂಪನಿಯವರು ಇಲ್ಲವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೊದಲು ಮಿಷನ್ನನ್ನು ಬಾಡಿಗೆಗೆ ತರಬೇಕು. ಅದರೊಳಗೆ ಸಿಮ್ ಇದೆ, ಎಷ್ಟು ಹೊತ್ತು ಹಾಕಿಕೊಂಡಿದ್ದೀರಿ ಎಂಬುದನ್ನು ಅದೇ ಕಂಪನಿಗೆ ಕಳಿಸುತ್ತದೆ. ಮೂರು ತಿಂಗಳು ರಾತ್ರಿ ಹಾಕಿಕೊಳ್ಳುವುದು ತಪ್ಪದಿದ್ದರೆ ಬಾಡಿಗೆಯೂ ವಾಪಸು, ಮಿಷನ್ನೂ ನಿಮ್ಮದೇ. ತಪ್ಪಿದರೆ ಎರಡೂ ಇಲ್ಲ.

"ತಪ್ಪಸ್ಬ್ಯಾಡಕ್ಕ, ಅಷ್ಟೇ," ಎಂದ ಮಲ್ಲಿಕಾರ್ಜುನ್.

ತಪ್ಪದೆ ಏನಾಗುತ್ತದೆ? ನಿಂತ ಬಸ್ಸಿನೊಳಗೆ ಪ್ಲಗ್ಗು ಎಲ್ಲಿಂದ ಬರಬೇಕು? ಜಡೆಯಲ್ಲಿ ಯಾರ ಮನೆಯಲ್ಲಾದರೂ ಕೇಳೋಣವೆಂದರೆ ಗಂಗಾಧರಪ್ಪ ಸುತರಾಂ ಒಪ್ಪಲಿಲ್ಲ. "ಸೊಂಡಿಲು ಕಟ್ಕೊಂಡು ಮಲಗಿದ್ದು ಜನ ನೋಡಿದ್ರೆ ನಾಳೆ ನನ್ ಬಸ್ ಹತ್ತತಾರೇನೆ? ಮಾಲೀಕ್ರಿಗೆ ಗೊತ್ತಾದ್ರೆ ಸ್ಟೇರಿಂಗ್ ಕೊಡ್ತಾರಾ?" ಎಂದ. ಹೀಗಾಗಿ ಮನೆಯಲ್ಲಿದ್ದ ರಾತ್ರಿ ಹಾಕಿಕೊಂಡ. ಮರುದಿನ ಅವನ ಮುಖ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಜಡೆಯ ರಾತ್ರಿ ಮಿಷನ್ನು ಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು. ಮೊದಲನೇ ವಾರವೇ ಕಂಪನಿಯಿಂದ ಅವಳ ಮೊಬೈಲಿಗೆ ಎಚ್ಚರಿಕೆಯ ಮೆಸೇಜು ಬಂತು.

ಆಗ ನೀಲಾಂಬಿಕ ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದಳು. ರೇಷನ್ ಅಂಗಡಿಯಲ್ಲಿ ಕಾರ್ಡಿನಲ್ಲಿರುವ ಯಾರ ಹೆಬ್ಬೆಟ್ಟಾದರೂ ಸೈ. ಅವನು ಬಸ್ಸಿನ ಮೇಲಿದ್ದರೆ ಇವಳು ಹೋಗಿ ಒತ್ತುತ್ತಾಳೆ, ಅಕ್ಕಿ ಇಡೀ ಮನೆಗೆ ಬರುತ್ತದೆ. ಸಂಘದ ಮೀಟಿಂಗಿಗೆ ಅತ್ತೆಗೆ ಬರಲಾಗದಿದ್ದರೆ ಸೊಸೆ ಬಂದು ಹಾಜರಿ ಹಾಕುತ್ತಾಳೆ. ಗಿರಣಿಯಲ್ಲಿ ಒಬ್ಬರ ಪಾಳಿಗೆ ಅವರ ಮನೆಯವರು ಯಾರು ಬಂದು ನಿಂತರೂ ಜಗಳವಿಲ್ಲ. ಪಾಲಿಸಿಯೂ ಮನೆಮಂದಿಗೆಲ್ಲ ಒಂದೇ ಎಂದು ತಮ್ಮನೇ ಹೇಳಿದ್ದಾನಲ್ಲ. ಕಂಪನಿಗೆ ಬೇಕಾದದ್ದು ರಾತ್ರಿಯ ಹಾಜರಿ. ಗಂಡ ಜಡೆಯಲ್ಲಿದ್ದ ರಾತ್ರಿಗಳಲ್ಲಿ ಅವಳು ಮಾಸ್ಕನ್ನು ಸೋಪು ನೀರಿನಲ್ಲಿ ತೊಳೆದು, ಒರೆಸಿ, ತನ್ನ ಮೂಗಿಗೆ ಕಟ್ಟಿಕೊಂಡು ಮಲಗಿದಳು. ಮೋಸ ಮಾಡುತ್ತಿದ್ದೇನೆ ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ಆ ಗಾಳಿಯ ರಭಸಕ್ಕೆ ನಿದ್ದೆಯಂತೂ ಬರುತ್ತಿರಲಿಲ್ಲ. ಬೆಳಗಾಗುವವರೆಗೆ ಜಂತೆ ನೋಡುತ್ತ, ಈಗ ಅಲ್ಲಿ ಅವನಿಗೆ ಉಸಿರು ನಿಂತಿದೆಯೋ ಏನೋ ಎಂದುಕೊಳ್ಳುತ್ತ ಬಿದ್ದಿರುತ್ತಿದ್ದಳು. ಗಂಡನಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಅದರಲ್ಲಿ?

ಮೆಸೇಜುಗಳು ನಿಂತವು. ಮೂರು ತಿಂಗಳು ತುಂಬುವ ಹೊತ್ತಿಗೆ ಗಿರಣಿಗೆ ಒಂದು ಫೋನು ಬಂತು. ಕಂಪನಿಯಿಂದ ರಮ್ಯ ಎಂಬ ಹುಡುಗಿ. ನೀಲಾಂಬಿಕ ಮೋಟರು ಆಫ್ ಮಾಡಿ, ಸೆರಗಿನಿಂದ ಕೈ ಒರೆಸಿಕೊಂಡು ಕಿವಿಗಿಟ್ಟುಕೊಂಡಳು.

"ಒಳ್ಳೇ ಸುದ್ದಿ ಅಮ್ಮಾ. ನಿಮ್ಮ ಯಜಮಾನರಿಗೆ ಅರ್ಧಕ್ಕರ್ಧ ರಾತ್ರಿ ಉಸಿರಾಟದ ತೊಂದರೆ ಒಂಚೂರೂ ಇಲ್ಲ. ಮಿಷನ್ ಗಾಳಿ ಜಾಸ್ತಿ ಮಾಡೋ ಅಗತ್ಯನೇ ಬಿದ್ದಿಲ್ಲ, ಸಣ್ಣ ಮಗು ಥರ ಉಸಿರಾಡಿದ್ದಾರೆ. ಕಾಯಿಲೆ ಅಷ್ಟೇನೂ ಇಲ್ಲ ಅಂತ ನಮ್ಮ ಡಾಕ್ಟರ ಅಭಿಪ್ರಾಯ. ಹಂಗಾಗಿ ಮಿಷನ್ ಅಗತ್ಯ ಇಲ್ಲ, ವಾಪಸ್ ಕೊಟ್ಟುಬಿಡಿ. ಕ್ಲೈಮ್ ಕ್ಲೋಸ್ ಮಾಡ್ತಿದ್ದೀವಿ."

ಮಿಷನ್ನು ಗಂಟೆಯ ಲೆಕ್ಕ ಮಾತ್ರ ಇಡುತ್ತದೆ ಅಂದುಕೊಂಡಿದ್ದಳು ನೀಲಾಂಬಿಕ. ಒಂದೊಂದು ಉಸಿರನ್ನೂ ಅಳೆದು ಕಳಿಸುತ್ತಿತ್ತು. ಅವಳ ಗಟ್ಟಿಮುಟ್ಟಾದ ಉಸಿರು ಗಂಡನ ಹೆಸರಿಗೆ ಜಮೆಯಾಗಿ, ಅವನನ್ನು ಕಾಗದದ ಮೇಲೆ ಗುಣಪಡಿಸಿಬಿಟ್ಟಿತ್ತು. ಸುಮ್ಮನಿದ್ದರೆ ಮಿಷನ್ ಹೋಗುತ್ತದೆ, ಅವನು ಮತ್ತೆ ತೂಕಡಿಸುತ್ತ ಜನ ತುಂಬಿದ ಬಸ್ಸು ಓಡಿಸುತ್ತಾನೆ. ನಿಜ ಹೇಳಿದರೆ ಮೋಸ ಎಂದು ಪಾಲಿಸಿಯನ್ನೇ ರದ್ದು ಮಾಡಬಹುದು, ಮಗಳಿಗೂ ಇಲ್ಲ, ತಮ್ಮನ ಏಜೆನ್ಸಿಗೂ ಕುತ್ತು. ಅತ್ತ ದರಿ, ಇತ್ತ ಪುಲಿ.

"ಆ ಉಸಿರು ಅವ್ರುದ್ದಲ್ಲವ್ವ," ಎಂದಳು. "ನಂದು."

ಎಲ್ಲವನ್ನೂ ಹೇಳಿದಳು. ಜಡೆಯ ನೈಟ್‌ಹಾಲ್ಟು, ಪ್ಲಗ್ಗು ಇಲ್ಲದ್ದು, ರೇಷನ್ ಅಂಗಡಿಯ ಹೆಬ್ಬೆಟ್ಟು, ಯಾವುದನ್ನೂ ಬಿಡಲಿಲ್ಲ.

"ಅಮ್ಮಾ, ಈ ಕಾಲ್ ರೆಕಾರ್ಡ್ ಆಗ್ತಾ ಇದೆ," ಎಂದಳು ರಮ್ಯ ಮೆಲ್ಲಗೆ.

"ಆಗ್ಲವ್ವ. ನಿಮ್ ಡಾಕ್ಟ್ರಿಗೆ ಕೇಳ್ಸು. ನಮ್ಮನೆಯವ್ರಿಗೆ ಕಾಯ್ಲೆ ಐತಿ ಅನ್ನೋದು ಅದ್ರಾಗೆ ಬರ್ಲಿ."

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ. ಜೋಳದ ಡಬ್ಬಿಗೆ ರಾಗಿ ಬೀಸಿ ಹಾಕಿ ಬೈಸಿಕೊಂಡಳು. ಮಲ್ಲಿಕಾರ್ಜುನ್ ಬಂದು ತಲೆ ಚಚ್ಚಿಕೊಂಡ. ಕೊನೆಗೆ ಕಂಪನಿಯ ತೀರ್ಮಾನ ತಂದವನೂ ಅವನೇ. ಪಾಲಿಸಿ ರದ್ದು ಮಾಡುವುದಿಲ್ಲ, ಆದರೆ ಕಳೆದ ತಿಂಗಳುಗಳ ಬಾಡಿಗೆ ಮರೆತುಬಿಡಿ. ಮೊದಲಿನಿಂದ ಇನ್ನೊಂದು ಸಲ ಮೂರು ತಿಂಗಳ ಪರೀಕ್ಷೆ. ಈ ಸಲ ಪ್ರತಿ ರಾತ್ರಿಯೂ ಅವನದೇ ಉಸಿರು ಇರಬೇಕು. ಮೂರನೇ ಅವಕಾಶ ಎಂಬುದಿಲ್ಲ.

ವಿಷಯ ಕೇಳಿದ ಗಂಗಾಧರಪ್ಪ ಅವಳನ್ನು ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನಾ ಅಲ್ಲಿ ಬಿದ್ಕೊಂಡು ನಿದ್ದೆ ಹೊಡೀತಿದ್ದೆ. ನೀ ಇಲ್ಲಿ ಕಣ್ ಬಿಟ್ಕೊಂಡು ಮಲಗಿದ್ದೆ," ಎಂದ. ಎದ್ದು ಕೈ ತೊಳೆದು ಮಾಲೀಕರಿಗೆ ತಾನೇ ಫೋನು ಮಾಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಈಸೂರಿನ ಕಡೆ ಎಮ್ಮೆ ಅಡ್ಡ ಬಂದಿರಲಿಲ್ಲ ಎಂಬುದನ್ನೂ ಹೇಳಿದ.

ಮಾಲೀಕರು ವ್ಯಾಪಾರಸ್ಥರು. ಮೊದಲು ಒಂದಿಷ್ಟು ಕೂಗಾಡಿದರು. ಡಾಕ್ಟರ ಚೀಟಿ ತರಿಸಿಕೊಂಡು ನೋಡಿದರು. ಆಮೇಲೆ, "ದಿನಾ ಮಿಷನ್ ಹಾಕ್ಕೊಂಡೇ ಮಲಗಬೇಕು. ಮುಚ್ಚುಮರೆ ಬ್ಯಾಡ, ಜಡೆಯೋರಿಗೆ ಹೇಳೇ ಹಾಕ್ಕೊ. ಜನ ನಂಬಿ ಹತ್ತಿದ್ರೆ ಓಡ್ಸು. ಬಸ್ ಖಾಲಿ ಬಂದ್ರೆ ನಾ ಬೇರೆಯೋರನ್ನ ಹಾಕ್ತೀನಿ," ಎಂದರು.

ಅಂದಿನ ಸಂಜೆಯ ಬಸ್ಸಿಗೆ ನೀಲಾಂಬಿಕಳೂ ಹತ್ತಿದಳು. ಕೇಳಿಕೊಳ್ಳುವುದು ಗಂಡನ ಜಾಯಮಾನವಲ್ಲ, ತಾನೇ ಕೇಳಬೇಕು ಎಂದು ಅವಳ ಲೆಕ್ಕ. ಮಿಷನ್ನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಜಡೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಮಾಸ್ತಮ್ಮನ ಮನೆ. ವಯಸ್ಸಾದ ಹೆಂಗಸು, ಹಾಲು ಮಾರುತ್ತಾಳೆ, ಹಾಲಿನ ಜೊತೆ ಸುದ್ದಿಯನ್ನು ಪುಕ್ಕಟೆ ಕೊಡುತ್ತಾಳೆ. ಗಂಗಾಧರಪ್ಪ ತಲೆ ತಗ್ಗಿಸಿ ಅಂಗಳದಲ್ಲೇ ನಿಂತ. ನೀಲಾಂಬಿಕ ಎಲ್ಲ ವಿವರಿಸಿ, ಜಗುಲಿಯಲ್ಲಿ ಮಲಗಲು ಜಾಗ ಮತ್ತು ಒಂದು ಪ್ಲಗ್ಗು ಕೇಳಿದಳು, ಕರೆಂಟಿನ ದುಡ್ಡು ಕೊಡುತ್ತೇವೆ ಎಂದಳು.

"ಇಷ್ಟು ದಿನ ನಮ್ ಎದುರಿಗೇ ಉಸಿರು ಕಟ್ಕೊಂಡು ಮಲಗ್ತಿದ್ನಾ?" ಎಂದಳು ಮಾಸ್ತಮ್ಮ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕರೆಂಟಿನ ಮಾತು ಎಂತಕ್ಕೆ ಮಾರಾಯ್ತಿ, ಬನ್ನಿ ಒಳಗೆ." ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಅವಳ ಮೊಮ್ಮಗಳು ದಿನಾ ಇದೇ ಬಸ್ಸಿನಲ್ಲಿ ಸೊರಬದ ಕಾಲೇಜಿಗೆ ಹೋಗುತ್ತಿದ್ದಳು.

ಬೆಳಕು ಹರಿಯುವ ಮೊದಲೇ ಸುದ್ದಿ ಊರು ಸುತ್ತಿತ್ತು. ನೀಲಾಂಬಿಕ ಬಸ್ಸಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಸೊಪ್ಪಿನ ಗಂಟಿನವರು, ತಾಲೂಕು ಕಚೇರಿಗೆ ಹೊರಟವರು, ಕಾಲೇಜಿನ ಮಕ್ಕಳು ಎಲ್ಲ ಬಂದಿದ್ದರು. ಬಂದವರು ಹತ್ತಲಿಲ್ಲ. ದೂರದಲ್ಲಿ ಗುಂಪಾಗಿ ನಿಂತು ಗುಸುಗುಸು ಮಾತಾಡುತ್ತಿದ್ದರು. ಗಂಗಾಧರಪ್ಪ ಬಾಗಿಲ ಹತ್ತಿರ ಬಂದು ನಿಂತ. ಮೂಗಿನ ಮೇಲೆ ಮಾಸ್ಕಿನ ಗುರುತು ಇನ್ನೂ ಇತ್ತು.

ಮೊದಲು ಬಂದವಳು ಮಾಸ್ತಮ್ಮ, ಮೊಮ್ಮಗಳ ಕೈ ಹಿಡಿದುಕೊಂಡು.

"ನಿದ್ದೆ ಆತೇನಾ ಡ್ರೈವರೇ?"

"ಆತ್ರಿ."

"ಉಸಿರು?"

"ನಿಲ್ಲಲಿಲ್ಲ. ನಮ್ಮನೆಯವ್ಳು ಎದ್ದೇ ಇದ್ಲು, ಬೇಕಾದ್ರೆ ಕೇಳ್ರಿ."

ಮಾಸ್ತಮ್ಮ ನೀಲಾಂಬಿಕಳ ಕಡೆ ತಿರುಗಿದಳು. ನೀಲಾಂಬಿಕ ತಲೆಯಾಡಿಸಿದಳು. ಮುದುಕಿ ಮೊಮ್ಮಗಳನ್ನು ಬಸ್ಸಿಗೆ ಹತ್ತಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರೂ ಮೆಟ್ಟಿಲ ಹತ್ತಿರ ನಿಂತು ಅದನ್ನೇ ಕೇಳಿದರು, ಕೆಲವರು ತಮಾಷೆಗೆ, ಕೆಲವರು ನಿಜವಾಗಿ. ಅವನು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟ. ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ಹತ್ತಲಿಲ್ಲ, ಮುಂದಿನ ಬಸ್ಸಿಗೆ ಬರುತ್ತೇನೆ ಎಂದಳು. ನೀಲಾಂಬಿಕಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನಯನ ಅಷ್ಟು ಚಿಕ್ಕವಳಿದ್ದಾಗಿನ ಮಾತಾದರೆ ತಾನೂ ಹತ್ತುತ್ತಿರಲಿಲ್ಲ.

ಅವಳು ಡ್ರೈವರನ ಹಿಂದಿನ ಸೀಟಿನಲ್ಲಿ, ಕನ್ನಡಿಯಲ್ಲಿ ಅವನ ಕಣ್ಣು ಕಾಣುವ ಹಾಗೆ ಕೂತಳು. ಶಿಕಾರಿಪುರದವರೆಗೂ ಆ ಕಣ್ಣನ್ನು ಬಿಡಬಾರದು, ರೆಪ್ಪೆ ಭಾರವಾದದ್ದು ಕಂಡರೆ ಕೂಗಬೇಕು ಎಂದು ನಿಶ್ಚಯಿಸಿಕೊಂಡಿದ್ದಳು. ಊರು ದಾಟಿತು. ಅವನ ಕಣ್ಣು ರಸ್ತೆಯ ಮೇಲಿತ್ತು, ಆಗಾಗ ಕನ್ನಡಿಗೆ ಬಂದು ಹೋಗುತ್ತಿತ್ತು. ಕುಪ್ಪಗಡ್ಡೆ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ಅಕ್ಕಾರೆ, ಏಳ್ರಿ. ಸೊರಬ ಬಂತು," ಎಂದು ತೀರ್ಥೇಶ್ ಭುಜ ಮುಟ್ಟಿದಾಗ ಅವಳು ಗಾಬರಿಯಿಂದ ಎಚ್ಚೆತ್ತು ಮುಂದಿನ ಕಂಬಿ ಹಿಡಿದುಕೊಂಡಳು. ಹಿಂದಿನಿಂದ ಯಾರೋ, "ಡ್ರೈವರ್ ಎಚ್ಚರ ಇದ್ದ ಕಣಮ್ಮ, ಗೊರಕೆ ಹೊಡ್ದಿದ್ದು ನೀವು," ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಕಾಯಬೇಕಾದವಳೇ ಮಲಗಿಬಿಟ್ಟೆನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಗಂಗಾಧರಪ್ಪ ಸೀಟಿನಿಂದ ತಿರುಗಿ ನೋಡಿದ.

"ಎಬ್ಬಸ್ಬಾರ್ದಾ?" ಎಂದಳು. "ನಿಮ್ಮನ್ನ ಯಾರು ನೋಡ್ತಿದ್ರು?"

"ಯಾರೂ ನೋಡ್ಲಿಲ್ಲ," ಎಂದ ಅವನು. "ಹಂಗೇ ಬಂದ್ವಿ."

ಅವಳು ಕಂಬಿ ಹಿಡಿದುಕೊಂಡು ಕೂತಿದ್ದ ಹಾಗೆಯೇ ಅತ್ತಳು. ಬಸ್ಸಿನಲ್ಲಿದ್ದವರಿಗೆ ಯಾಕೆಂದು ಗೊತ್ತಾಗಲಿಲ್ಲ. ಸೊರಬಕ್ಕೆ ಇಳಿಯುವವರು ಇಳಿದರು, ಶಿಕಾರಿಪುರಕ್ಕೆ ಹೋಗುವವರು ಹತ್ತಿದರು. ತೀರ್ಥೇಶ್ ಸೀಟಿ ಊದಿದ. ಬಸ್ಸು ಹೊರಟಿತು.